ತಾಷ್ಕೆಂಟ್ ಡಾಕ್ಟ್ರು ಬರೆದ ಕಾರಣ

ಸೌದಿಯ ಅಲ್ ಖೋಬರಿನ ನಮ್ಮ ಕರಾವಳಿಯವರಿಗೆ ಡಾಕ್ಟರ್ ಸೆಬಾಸ್ಟಿಯನ್ ಅಂದರೆ ತಾಷ್ಕೆಂಟ್ ಡಾಕ್ಟ್ರು. ಊರು ಉಡುಪಿ ಹತ್ತಿರದ ಶಿರ್ವ, ವಯಸ್ಸು ಅರವತ್ತೊಂದು. ಇಪ್ಪತ್ತಾರು ವರ್ಷದಿಂದ ಇಲ್ಲಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ. ಓದಿದ್ದು ಸೋವಿಯತ್ ಕಾಲದ ತಾಷ್ಕೆಂಟಿನಲ್ಲಿ, ಸ್ಕಾಲರ್‌ಶಿಪ್ ಸಿಕ್ಕಿ. ಯಾರಾದರೂ ಕುತೂಹಲಕ್ಕೆ "ಅಲ್ಲಿ ಹೇಗಿತ್ತು ಡಾಕ್ಟ್ರೇ?" ಅಂತ ಕೇಳಿದರೆ ಮುಖ ಹಿಂಡಿ "ನಾತ ಮಾರಾಯ್ರೆ" ಅನ್ನುತ್ತಾರೆ, ಬೇರೆ ಮಾತು ತೆಗೆಯುತ್ತಾರೆ.

ಅದು ಯಾವ ನಾತ ಎಂದು ಇಲ್ಲಿ ಹೆಂಡತಿ ಲುಯಿಜಾಗೆ ಮಾತ್ರ ಗೊತ್ತಿತ್ತು.

೧೯೮೪ರಲ್ಲಿ ಸೋವಿಯತ್ ಸೈನ್ಯ ಅಫಘಾನಿಸ್ತಾನದಲ್ಲಿ ಕಾದಾಡುತ್ತಿತ್ತು. ತಾಷ್ಕೆಂಟ್ ಒಂದು ಸೇನಾ ಜಿಲ್ಲೆಯ ಕೇಂದ್ರ. ಅಲ್ಲಿ ಜಿಲ್ಲೆ ಅಂದರೆ ನಮ್ಮ ಹಾಗೆ ಡಿಸಿ, ತಹಶೀಲ್ದಾರರ ಜಿಲ್ಲೆಯಲ್ಲ. ನಮ್ಮ ಕೆಲವು ರಾಜ್ಯಗಳನ್ನು ಸೇರಿಸಿದಷ್ಟು ನೆಲವನ್ನು ಒಬ್ಬ ಜನರಲ್‌ನ ಕೈಗೆ ಕೊಟ್ಟಿರುವುದು. ಹದಿನೆಂಟರ ಹುಡುಗರಿಗೆ ಒಂದಿಷ್ಟು ತರಬೇತಿ ಕೊಟ್ಟು ಗಡಿ ದಾಟಿಸುವುದು ಈ ಜಿಲ್ಲೆಯ ಕೆಲಸ. ಅವರ ಹಿಂದೆ ಗುಂಡು, ಪೆಟ್ರೋಲು, ಬ್ರೆಡ್ಡು ಕಳಿಸುವುದೂ ಅದೇ. ಆಚೆಯಿಂದ ಗಾಯಾಳುಗಳು, ರೋಗಿಗಳು, ಸತುವಿನ ಪೆಟ್ಟಿಗೆಯೊಳಗೆ ಬೆಸುಗೆ ಹಾಕಿದ ಹೆಣಗಳು ಬಂದಿಳಿಯುವುದೂ ಅಲ್ಲಿಗೇ. ಪೇಪರಿನಲ್ಲಿ ಮಾತ್ರ ಸೈನಿಕರು ಶಾಲೆ ಕಟ್ಟುತ್ತಿದ್ದಾರೆ, ಗಿಡ ನೆಡುತ್ತಿದ್ದಾರೆ ಎಂದು ಬರುತ್ತಿತ್ತು.

ಗುಂಡಿಗಿಂತ ಹೆಚ್ಚು ಜನರನ್ನು ಮಲಗಿಸಿದ್ದು ಅಲ್ಲಿಯ ಕೊಳಕು ನೀರು. ಕಾಮಾಲೆ ಹಿಡಿದ ಹುಡುಗರು ಲಾರಿ ಲಾರಿಯಾಗಿ ಬಂದರು. ಮಿಲಿಟರಿ ಆಸ್ಪತ್ರೆಯಲ್ಲಿ ಜಾಗ ಸಾಲದೆ, ಸೆಬಾಸ್ಟಿಯನ್ ತರಬೇತಿ ಪಡೆಯುತ್ತಿದ್ದ ಊರಿನ ಆಸ್ಪತ್ರೆಯ ಒಂದು ಮಹಡಿಯನ್ನು ಬಿಟ್ಟುಕೊಡಬೇಕಾಯಿತು. ಆ ಮಹಡಿಗೆ ವಿದೇಶಿ ವಿದ್ಯಾರ್ಥಿಗಳು ಕಾಲಿಡಬಾರದೆಂದು ನಿಯಮವಿತ್ತು. ಹೇಲಿನ ಬಕೆಟ್ ಎತ್ತಲು ಜನ ಸಾಲದಾದಾಗ ಆ ನಿಯಮ ಯಾರಿಗೂ ನೆನಪಾಗಲಿಲ್ಲ. ಕಾರಿಡಾರಿನಲ್ಲಿ ಎರಡು ಹಾಸಿಗೆಗೆ ಮೂವರು. ಬ್ಲೀಚಿಂಗ್ ಪೌಡರು, ವಾಂತಿ, ಡಿಕಾಕ್ಷನ್ ಬಣ್ಣದ ಮೂತ್ರ. ರೋಗಿಗಳಿಗೆಂದು ಬಂದ ಸಿಹಿ ಹಾಲಿನ ಡಬ್ಬಿಗಳು ವಾರ್ಡಿಗೆ ಬರುವ ಮೊದಲೇ ಬಜಾರಿಗೆ ಹೋಗುತ್ತಿದ್ದವು. ಅದನ್ನು ಕೊಂಡು ಹಾಸ್ಟೆಲಿನಲ್ಲಿ ಚಹಾ ಮಾಡಿದವರಲ್ಲಿ ಸೆಬಾಸ್ಟಿಯನ್ನರೂ ಒಬ್ಬರು. ಡಬ್ಬಿಯ ತಳದ ಮುದ್ರೆ ಮಿಲಿಟರಿ ಆಸ್ಪತ್ರೆಯದೆಂದು ತಿಳಿದ ಮೇಲೂ ಎರಡು ತಿಂಗಳು ಕುಡಿದರು.

ಮಿಕೋಲಾ ಎಂಬ ಹತ್ತೊಂಬತ್ತರ ಹುಡುಗ ಉಕ್ರೇನಿನ ಹಳ್ಳಿಯವನು. ಗಡಿಯಾಚೆಯಿಂದ ಕಾಮಾಲೆ ಹಿಡಿದು ಬಂದವನು ಲಿವರ್ ಪೂರ್ತಿ ಕೆಟ್ಟು ಆರನೇ ದಿನಕ್ಕೆ ಸತ್ತ. ಸಾವಿನ ಕಾಗದ ಬರೆಯಿಸಲು ಒಬ್ಬ ಮೇಜರ್ ಬಂದ. ಯಾವ ಕಚೇರಿಯವನೆಂದು ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಕೈಬರಹ ಚೆನ್ನಾಗಿದೆಯೆಂದು ಪೆನ್ನು ಸೆಬಾಸ್ಟಿಯನ್ನರ ಕೈಗೆ ಬಂತು.

"ರೋಗ ತಗಲಿದ ಸ್ಥಳ?" ಎಂದು ಅವರು ಕೇಳಿದರು.

"ಅವನು ಸತ್ತಿದ್ದು ಎಲ್ಲಿ? ತಾಷ್ಕೆಂಟಿನಲ್ಲಿ ತಾನೆ?" ಎಂದ ಮೇಜರ್. "ಹಾಗಾದರೆ ತಾಷ್ಕೆಂಟ್ ಅಂತಲೇ ಬರಿ. ಗಡಿಯಾಚೆಯ ಲೆಕ್ಕಕ್ಕೆ ಯಾಕೆ ಸೇರಿಸ್ತೀಯ? ನಿನಗೆ ಓದು ಮುಗಿಸಬೇಕೋ ಬೇಡವೋ?"

ಸೆಬಾಸ್ಟಿಯನ್ ಬರೆದರು.

ನಾಲ್ಕು ದಿನ ರೈಲಿನಲ್ಲಿ ಕೂತು ಮಿಕೋಲಾನ ತಾಯಿ ಬಂದಳು. ಯಾರನ್ನು ಕೇಳಿದರೂ ಕಾಗದ ನೋಡಿಕೋ ಎನ್ನುವವರೇ. ಕೊನೆಗೆ ಕಪ್ಪು ಮುಖದ ಈ ವಿದ್ಯಾರ್ಥಿಯ ತೋಳು ಹಿಡಿದಳು. "ಮಗಾ, ನೀನು ಹೊರಗಿನವನು. ಸುಳ್ಳು ಹೇಳಬೇಕಾದ ಹಂಗು ನಿನಗಿಲ್ಲ. ನನ್ನ ಹುಡುಗ ಎಲ್ಲಿದ್ದ?"

"ಇಲ್ಲೇ ಇದ್ದ ಅಮ್ಮ, ತರಬೇತಿಯಲ್ಲಿ."

"ಯುದ್ಧಕ್ಕೆ ಕಳಿಸಿರಲಿಲ್ಲವಲ್ಲ. ಅಷ್ಟಾದರೂ ಆಯಿತು" ಎಂದು ಅವಳು ಇವರ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

ಊರಿಗೆ ಬಂದ ಮೇಲೆ ಒಮ್ಮೆ ಇದನ್ನು ಇಗರ್ಜಿಯಲ್ಲಿ ಪಾದ್ರಿಗಳ ಮುಂದೆ ನಿವೇದಿಸಿದರು. "ನೀವು ಆಗ ವಿದ್ಯಾರ್ಥಿ, ನಿಮ್ಮ ತಪ್ಪೇನು?" ಎಂದು ಅವರು ಸಲೀಸಾಗಿ ಕ್ಷಮಿಸಿಬಿಟ್ಟರು. ಆ ಸಲೀಸಿಗೂ ಸೆಬಾಸ್ಟಿಯನ್ನರಿಗೆ ಹೇಸಿಗೆಯೆನಿಸಿತು.

ಹೋದ ಜುಲೈಯಲ್ಲಿ ಒಂದು ಮಧ್ಯಾಹ್ನ ಒಂದೂಕಾಲಕ್ಕೆ ಕಂಪೆನಿಯ ಪಿಕಪ್ಪಿನಲ್ಲಿ ಒಬ್ಬರನ್ನು ಆಸ್ಪತ್ರೆಗೆ ತಂದರು. ರಾಸ್ ತನೂರಾ ರಸ್ತೆಯ ಪೈಪ್ ಯಾರ್ಡಿನ ಕೆಲಸಗಾರ ಸಾಂತಪ್ಪ, ಬಂಟ್ವಾಳ ಕಡೆಯವರು. ಮೈ ಮುಟ್ಟಿದರೆ ಕಾವಲಿ, ಒಂದು ಹನಿ ಬೆವರಿಲ್ಲ. ಥರ್ಮಾಮೀಟರಿನಲ್ಲಿ ನಲವತ್ತೆರಡು ಡಿಗ್ರಿ ದಾಟಿತ್ತು. ಐಸ್ ಹಾಕಿದರು, ಡ್ರಿಪ್ ಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಬೇಸಿಗೆಯಲ್ಲಿ ಹನ್ನೆರಡರಿಂದ ಮೂರರವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ಕಾನೂನಿದೆ. ಇದು ಎಲ್ಲರಿಗೂ ಗೊತ್ತು.

ಸಂಜೆಯೊಳಗೆ ಆ ಕಂಪೆನಿಯ ಕಾಗದಪತ್ರ ನೋಡಿಕೊಳ್ಳುವ ಅರ್ಕಮ್ ಬಂದ. ಭಟ್ಕಳದವನು, ಮಾತು ಬಲು ಮೃದು.

"ಡಾಕ್ಟ್ರೇ, ಹಾರ್ಟ್ ಫೇಲ್ ಅಂತ ಹಾಕಿ ಕೊಡಿ. ಸ್ವಾಭಾವಿಕ ಸಾವು. ಮೂರು ದಿವಸದಲ್ಲಿ ಬಾಡಿ ಊರಿಗೆ ಹೋಗ್ತದೆ."

"ಅವರು ಸತ್ತದ್ದು ಬಿಸಿಲಿಗೆ."

"ಹಾರ್ಟ್ ನಿಂತದ್ದು ಸುಳ್ಳಾ? ನಿಂತಿದೆ ಅಲ್ವಾ? ಅದನ್ನೇ ಬರೀರಿ ಮಾರಾಯ್ರೆ."

ನಲವತ್ತು ವರ್ಷದಲ್ಲಿ ಬೇರೆ ಮಾತನ್ನಾದರೂ ಕಲಿಯಬಾರದೇ ಇವರು ಎಂದು ಸೆಬಾಸ್ಟಿಯನ್ನರಿಗೆ ಅನಿಸಿತು. "ನಿಲ್ಲದೆ ಇರುವ ಹಾರ್ಟಿನ ಹೆಣ ನೀನು ಎಲ್ಲಾದರೂ ನೋಡಿದ್ದೀಯಾ ಅರ್ಕಮ್?" ಎಂದು ಕೇಳಿ, ಅವನೆದುರೇ ಹೀಟ್ ಸ್ಟ್ರೋಕ್ ಎಂದು ಬರೆದರು. ಉಷ್ಣಾಂಶ ಬರೆದರು, ಕರೆತಂದ ಗಂಟೆ ಬರೆದು ಕೆಳಗೆ ಗೆರೆ ಎಳೆದರು.

ಮುಂದಿನದನ್ನು ಅವರು ಎಣಿಸಿರಲಿಲ್ಲ. ಈ ಒಂದು ಶಬ್ದದಿಂದ ವಿಚಾರಣೆ ಶುರುವಾಯಿತು, ಮುಗಿಯುವವರೆಗೆ ಶವ ಬಿಡುವಂತಿಲ್ಲ. ಡಾಕ್ಟರು ಬರೆದದ್ದರಿಂದ ತಡವಾಗುತ್ತಿದೆ ಎಂದು ಅರ್ಕಮ್ ಸಾಂತಪ್ಪರ ಮನೆಗೆ ಫೋನ್ ಮಾಡಿ, ಡಾಕ್ಟರ ನಂಬರನ್ನೂ ಕೊಟ್ಟ. ಹೆಂಡತಿ ವಾರಿಜ ದಿನ ಬಿಟ್ಟು ದಿನ ಫೋನ್ ಮಾಡತೊಡಗಿದಳು.

"ಅವ್ರು ಹಾರ್ಟ್ ಅಂತಾರಲ್ಲ ಡಾಕ್ಟ್ರೇ? ನೀವೂ ಹಾಗೇ ಬರೆದ್ರೆ ಎಂತ ಆಗ್ತಿತ್ತು? ಮನೆಯಲ್ಲಿ ಒಲೆ ಹಚ್ಚದೆ ಕೂತಿದ್ದೇವೆ."

"ಅವರು ಬಿಸಿಲಲ್ಲಿ ಬಿದ್ದು ಸತ್ತದ್ದಮ್ಮ. ನಿಲ್ಲಿಸಬೇಕಾದ ಹೊತ್ತಿನಲ್ಲಿ ಕೆಲಸ ಮಾಡಿಸಿದ್ದಾರೆ. ನಿಮಗೆ ಇದು ಗೊತ್ತಿರಬೇಕು."

"ಗೊತ್ತಾಗಿ ನಾನು ಎಂತ ಮಾಡ್ಲಿ?"

ಸಾಂತಪ್ಪರ ತಮ್ಮನಂತೂ ಬಾಯಿಗೆ ಬಂದಂತೆ ಬೈದ. ಆಸ್ಪತ್ರೆಯವರು ಸೆಬಾಸ್ಟಿಯನ್ನರನ್ನು ತುರ್ತು ವಿಭಾಗದಿಂದ ತೆಗೆದು ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿಗೆ ಬೇಕಾದ ಮೆಡಿಕಲ್ ಪರೀಕ್ಷೆಯ ಕೋಣೆಗೆ ಹಾಕಿದರು. ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲವೆಂದು ಚೀಟಿ ಬಂತು.

ಲುಯಿಜಾ ಒಂದು ಬೆಳಿಗ್ಗೆ ಚಹಾ ಕೊಡುತ್ತಾ ಕೊಂಕಣಿಯಲ್ಲಿ ಕೇಳಿದಳು: "ಒಂದು ಶಬ್ದ ಬದಲಿಸಿದರೆ ಆ ಹೆಂಗಸಿಗೆ ಗಂಡನ ಮುಖವಾದರೂ ಸಿಗುತ್ತದೆ. ನೀನು ಇದನ್ನು ಅವಳಿಗೋಸ್ಕರ ಮಾಡುತ್ತಿದ್ದೀಯೋ, ನಿನಗೋಸ್ಕರವೋ?"

"ನನಗೋಸ್ಕರವೇ" ಎಂದರು ಸೆಬಾಸ್ಟಿಯನ್. ಹಾಗೆ ಹೇಳುವಾಗ ತಮ್ಮ ಬಗ್ಗೆಯೂ ಅಸಹ್ಯವಾಯಿತು. ಆದರೂ ಬದಲಿಸಲಿಲ್ಲ.

ಮೂವತ್ತೆಂಟನೆಯ ದಿನ ಶವ ಹೋಯಿತು. ಕಾರಣ ಅವರು ಬರೆದಂತೆಯೇ ಉಳಿದಿತ್ತು. ಯಾರ್ಡಿಗೆ ತಪಾಸಣೆಯವರು ಬಂದುಹೋದರು. ಈಗ ಅಲ್ಲಿ ಹನ್ನೆರಡಕ್ಕೆ ಸೈರನ್ ಆಗುತ್ತದೆಂದು ಅರ್ಕಮನೇ ಒಂದು ದಿನ ಅಂಗಡಿಯಲ್ಲಿ ಸಿಕ್ಕಿದಾಗ ಹೇಳಿದ, ಏನೋ ಉಪಕಾರ ಮಾಡಿದವನ ಹಾಗೆ ನಗುತ್ತ.

"ಸೈರನ್ ಆದ ಮೇಲೆ ಕೆಲಸ ನಿಲ್ಲಿಸ್ತಾರಾ?"

"ಹೆಚ್ಚಿನವರು ನಿಲ್ಲಿಸ್ತಾರೆ" ಎಂದು ಅವನು ಕೈ ಚಾಚಿದ. ಸೆಬಾಸ್ಟಿಯನ್ ತರಕಾರಿಯ ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಿಸಿ ಮುಂದೆ ನಡೆದರು.

ಕೆಲಸ ಬಿಟ್ಟು ಊರಿಗೆ ಮರಳಲು ಫೈನಲ್ ಎಕ್ಸಿಟ್ ವೀಸಾ ಆಗಿ ಸಾಮಾನು ಕಟ್ಟುತ್ತಿದ್ದಾಗ ವಾರಿಜಳ ಫೋನ್ ಬಂತು. ಈ ಸಲ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಪೆಟ್ಟಿಗೆ ತೆರೀಲಿಕ್ಕೆ ಬಿಡ್ಲಿಲ್ಲ ಡಾಕ್ಟ್ರೇ, ಮುಖ ನೋಡ್ಲಿಕ್ಕೆ ಆಗ್ಲಿಲ್ಲ" ಎಂದಳು. "ತಲೆ ಸುಡ್ತದೆ ಅಂತ ಅವ್ರು ಎರಡು ವಾರದಿಂದ ಫೋನಲ್ಲಿ ಹೇಳ್ತಾ ಇದ್ರು. ನಾನೇ, ರಜೆಗೆ ಎರಡೇ ತಿಂಗಳು, ಹೇಗಾದ್ರೂ ತಡ್ಕೊಳ್ಳಿ ಅಂತಿದ್ದೆ. ನೀವು ಬಿಸಿಲು ಅಂತ ಬರೆದ ಮೇಲೆ ಅದೇ ನೆನಪಾಗೋದು. ಹಾರ್ಟ್ ಅಂತ ಇದ್ದಿದ್ರೆ..."

ನಿಮ್ಮ ತಪ್ಪಲ್ಲಮ್ಮ ಎನ್ನುವ ಮಾತು ಸೆಬಾಸ್ಟಿಯನ್ನರ ನಾಲಗೆಯ ತುದಿಗೆ ಬಂತು. ಅದನ್ನು ಹೇಳುವುದು ಎಷ್ಟು ಸಲೀಸು ಎಂದು ಅವರಿಗೆ ಗೊತ್ತಿತ್ತು. ಹೇಳಲಿಲ್ಲ. ಅರ್ಧ ಕಟ್ಟಿದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು, ಅವಳು ಅಳುವುದನ್ನು ಕೇಳಿಸಿಕೊಳ್ಳುತ್ತ, ಅವಳೇ ಇಡುವವರೆಗೆ ಫೋನನ್ನು ಕಿವಿಯಲ್ಲೇ ಹಿಡಿದುಕೊಂಡಿದ್ದರು.