ಕಿವಿ ಟೀಚರ್

ಹೊಲಿಗೆ ಕಲಿಸುವವರು ಹುಡುಗಿಯರ ಕೈ ನೋಡುತ್ತಾರೆ. ನಮ್ಮ ಟೀಚರ್ ಮಾತ್ರ ಬೆನ್ನು ತಿರುಗಿಸಿ ಕಿಟಕಿ ಕಡೆ ಮುಖ ಮಾಡಿ ಕೂರುತ್ತಿದ್ದರು. ಹಿಂದೆ ಅಷ್ಟೂ ಮೆಷಿನ್ ಒಟ್ಟಿಗೆ ಓಡುತ್ತಿದ್ದರೂ ಯಾವುದು ಎಡವಿತು ಅಂತ ಅವರಿಗೆ ತಿಳಿಯುತ್ತಿತ್ತು. "ಮೂಲೆಯವಳೇ, ಸೂಜಿ ಮೊಂಡಾಗಿದೆ." "ಬಾಗಿಲ ಹತ್ತಿರದವಳೇ, ಕೆಳಗಿನ ದಾರ ಸಿಕ್ಕಾಗ್ತಿದೆ, ಬಟ್ಟೆ ಎಳೀಬೇಡ." ಹುಡುಗಿಯರು ಅವರಿಗೆ ಕಿವಿ ಟೀಚರ್ ಅಂತ ಹೆಸರಿಟ್ಟಿದ್ದರು. ಅದೂ ಅವರ ಕಿವಿಗೆ ಬಿದ್ದಿತ್ತು, ಬೇಜಾರೇನೂ ಮಾಡಿಕೊಂಡಿರಲಿಲ್ಲ.

ನಾನು ಆ ಹೊಲಿಗೆ ಹಾಲ್‌ನಲ್ಲೇ ಗುಂಡಿ ಹಚ್ಚುತ್ತಾ, ಅಂಚು ಮಡಿಸಿ ಹೊಲಿಯುತ್ತಾ ಕೂತಿರುವವಳು. ಟೀಚರಿಗೆ ಹಿಂದೆ ಮುಂದೆ ಯಾರೂ ಇಲ್ಲ. "ಮನೆಗೆ ಹೋದ್ರೆ ಕಿವಿಗೆ ಕೆಲಸವೇ ಇಲ್ಲ ಅಕ್ಕಾ" ಅನ್ನುತ್ತಾ ಬೀಗ ಹಾಕುವ ಹೊತ್ತಿನವರೆಗೂ ಇಲ್ಲೇ ಇರುತ್ತಿದ್ದರು.

ಅವರಿಗೆ ಅಚ್ಚುಮೆಚ್ಚಾದವಳೂ, ಹೆಚ್ಚು ಬೈಸಿಕೊಂಡವಳೂ ಒಬ್ಬಳೇ. ಪೆಡಲ್ ತುಳಿಯಲು ಶುರುಮಾಡಿದರೆ ನಿಲ್ಲಿಸುವುದು ಗೊತ್ತಿಲ್ಲ. ಅದಕ್ಕೇ ಅವಳು ರೈಲು.

"ಏ ರೈಲೇ, ಸ್ಟೇಷನ್ ಬಂತು, ನಿಲ್ಲಿಸೇ!"

"ಬ್ರೇಕ್ ಫೇಲ್ ಟೀಚರ್!"

ಇಡೀ ಹಾಲ್ ನಗುತ್ತಿತ್ತು. ಕಲಿತು ಮುಗಿಸುವ ಮೊದಲೇ ರೈಲು ಮದುವೆಯಾಗಿ ದೂರದ ಊರಿಗೆ ಹೋದಳು.

ಆಮೇಲೆ ಹೊಲಿಗೆ ಕಲಿಸಲು ಹಾಲ್ ಕೊಟ್ಟಿದ್ದ ಸಂಸ್ಥೆಯವರು ತರಗತಿಯನ್ನು ಫೋನಿನ ವಿಡಿಯೋ ಕಾಲಿಗೆ ಹಾಕಿದರು. ಒಳ್ಳೆಯದೇ ಆಯಿತು ಅನ್ನಬೇಕು. ಕೂಸು ಬಿಟ್ಟು ಬರಲಾಗದವರು, ಬಸ್ಸಿಲ್ಲದ ಊರಿನವರು ಎಲ್ಲ ತಮ್ಮ ಮನೆಯ ಮೆಷಿನ್ ಮುಂದೆ ಕೂತೇ ಸೇರಿಕೊಂಡರು. ರೈಲೂ ಬಂದಳು, ಸೊಂಟದ ಮೇಲೆ ಮಗು. ಹಾಲ್‌ಗೆ ಬರುವುದನ್ನು ಮಾತ್ರ ಎಲ್ಲರೂ ನಿಲ್ಲಿಸಿದರು. ಮೆಷಿನ್‌ಗಳಿಗೆ ಹೊದಿಕೆ ಬಿತ್ತು.

ಮೊದಲ ದಿನ ಟೀಚರ್ ಅಭ್ಯಾಸದಂತೆ ಫೋನಿಗೂ ಬೆನ್ನು ಹಾಕಿ ಕೂತರು. ಸದ್ದೇ ಇಲ್ಲ. "ಶುರು ಮಾಡ್ರೇ" ಅಂದರು.

"ಆಗಲೇ ಮಾಡಿದೀವಿ ಟೀಚರ್" ಅಂತ ರೈಲಿನ ದನಿ.

ತಿರುಗಿ ನೋಡಿದರೆ ಹೌದು, ಎಲ್ಲರ ಸೂಜಿಯೂ ಕುಣಿಯುತ್ತಿದೆ. ಒಂದಕ್ಕೂ ಸದ್ದಿಲ್ಲ.

ಸಂಸ್ಥೆಯ ಆಫೀಸಿನವನನ್ನು ಕರೆಸಿದೆವು. "ಸರಿಯಾಗೇ ಇದೆಯಲ್ಲ ಟೀಚರ್. ಗಲಾಟೆನೆಲ್ಲ ಫೋನೇ ಸೋಸಿ ತೆಗೆಯುತ್ತೆ, ಮಾತು ಮಾತ್ರ ಬಿಡುತ್ತೆ" ಅಂದ.

"ಗಲಾಟೆ ಅಂದ್ರೆ ಯಾವುದಪ್ಪಾ?"

"ಅದೇ, ಮೆಷಿನ್ ಸದ್ದು."

ಟೀಚರ್ ನನ್ನ ಮುಖ ನೋಡಿದರು. ಆ ಸೋಸುವುದನ್ನು ಅವನು ನಿಲ್ಲಿಸಿಯೂ ತೋರಿಸಿದ. ಎಲ್ಲರ ಮನೆಯ ಕುಕ್ಕರು, ಟೀವಿ, ಮಗುವಿನ ಅಳು ಒಟ್ಟಿಗೆ ನುಗ್ಗಿದವು. ಮೆಷಿನ್ ಯಾವುದು, ಮಗು ಯಾವುದು ಒಂದೂ ತಿಳಿಯಲಿಲ್ಲ.

ಸಂಜೆ ಟೀಚರ್ ಅಂದರು: "ಕೇಳಿಸದಿದ್ರೆ ನಾನು ಕಲಿಸೋದೇನು ಅಕ್ಕಾ? ಅಳತೆ, ಕತ್ತರಿಸೋದು ಎಲ್ಲ ವಿಡಿಯೋದಲ್ಲೇ ಇದೆ, ನನಗಿಂತ ಚೆನ್ನಾಗಿ. ಒಂದು ತಿಂಗಳು ನೋಡ್ತೀನಿ. ಆಗದಿದ್ರೆ ಬಿಟ್ಟುಬಿಡ್ತೀನಿ."

"ಬಿಟ್ಟು ಮನೇಲಿ ಏನು ಮಾಡ್ತೀರಿ?" ಬಾಯಿ ತಪ್ಪಿ ಕೇಳಿಬಿಟ್ಟೆ. ಅವರು ಮೆಷಿನ್ ಹೊದಿಕೆಯ ಅಂಚು ಸರಿ ಮಾಡುತ್ತಾ ನಿಂತರು.

ದಾರಿ ತೋರಿಸಿದವಳು ರೈಲೇ. ಒಂದು ದಿನ ಬೆಳಗ್ಗೆ ಮಗು ಮಲಗಿದಾಗ ಫೋನನ್ನು ಮೆಷಿನ್ ಪಕ್ಕ ಇಟ್ಟು, ಹೊಲಿಯುವ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದಳು. ಟೀಚರ್ ಕಿಟಕಿ ಕಡೆ ತಿರುಗಿ ಕೂತರು. ನಾನು ಫೋನಿನ ಗುಂಡಿ ಒತ್ತಿದೆ. ಎಷ್ಟೋ ದಿನದ ಮೇಲೆ ಹಾಲ್ ತುಂಬ ಮೆಷಿನ್ ಸದ್ದು. ಟೀಚರ್ ತಲೆ ತಾಳಕ್ಕೆ ತೂಗಿದ ಹಾಗೆ ಆಡಿತು. ಓಟ ಜೋರಾಯಿತು. ನಡುವೆ ಕಟಕಟ ಅಂತ ತಡವರಿಸಿತು.

"ಏ ರೈಲೇ, ನಿಲ್ಲಿಸೇ!"

ಮೆಷಿನ್ ನಿಲ್ಲಲಿಲ್ಲ.

"ನಿಲ್ಲಿಸೇ ಅಂದೆ!"

ಓಡುತ್ತಲೇ ಹೋಯಿತು. ನನಗೆ ನಗು ಬಂತು. ಅವರ ಬೆನ್ನು ನೋಡಿ ನುಂಗಿಕೊಂಡೆ. ಆ ಬಟ್ಟೆ ಕೆಟ್ಟಿದ್ದು ಬೆಳಗ್ಗೆ. ಈಗ ಸಂಜೆ.

ಸದ್ದು ಮುಗಿದ ಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಟೀಚರ್ ಹೇಳಿದರು: "ಕೆಳಗಿನ ದಾರ ಸಿಕ್ಕಾಗಿದೆ. ಬಿಚ್ಚು. ನಿಧಾನ ತುಳಿದು ಮತ್ತೆ ಕಳಿಸು." ಫೋನು ಕೆಳಗಿಡುವ ಮೊದಲು, "ಬೈಗುಳ ನಿನಗೆ ತಲುಪೋ ಹೊತ್ತಿಗೆ ಆರಿ ಹೋಗಿರುತ್ತೆ. ಬಿಸಿ ಮಾಡ್ಕೋ" ಅಂದರು.

ತಿಂಗಳು ಕಳೆದರೂ ಅವರು ಕೆಲಸ ಬಿಡಲಿಲ್ಲ. ಈಗ ಎಲ್ಲರೂ ಹಾಗೇ ಕಳಿಸುತ್ತಾರೆ. ಹೊದಿಕೆ ಹೊದ್ದ ಮೆಷಿನ್‌ಗಳಿಗೆ ಬೆನ್ನು ಹಾಕಿ ಟೀಚರ್ ಒಂದೊಂದೇ ಕೇಳುತ್ತಾರೆ. ನಿಲ್ಲಿಸು ಅನ್ನುವುದನ್ನು ಮಾತ್ರ ಬಿಟ್ಟಿದ್ದಾರೆ. ತಪ್ಪಿದ ಜಾಗ ಬಂದಾಗ ಅವರ ಬಲಗಾಲು ಬ್ರೇಕ್ ತುಳಿದ ಹಾಗೆ ತಾನಾಗಿ ನೆಲಕ್ಕೆ ಒತ್ತಿಕೊಳ್ಳುತ್ತದೆ. ಸದ್ದು ಮುಗಿಯುವವರೆಗೂ ಒತ್ತಿಕೊಂಡೇ ಇರುತ್ತದೆ.