ಯಾರಿಗೂ ತಿಳಿಯದೆಂದು ಆಡಿದ ಮಾತು

ತೈವಾನಿನ ರಾತ್ರಿ ಸಂತೆಯನ್ನು ನೋಡಿ ಬಂದವರು ಬಾಯಿತುಂಬ ಹೊಗಳುತ್ತಾರಂತೆ. ನನಗೆ ಕಂಡದ್ದು ನಿಂತುಕೊಂಡೇ ತಿನ್ನುವ ಜನ. ಒಂದು ಬೀದಿ, ಎರಡೂ ಕಡೆ ಗಾಡಿ ಅಂಗಡಿ, ಕಣ್ಣು ಕುಕ್ಕುವ ದೀಪ. ಬೇಯಿಸಿದ ಕೋಳಿಕಾಲು, ಪಂಜವನ್ನೂ ಬಿಟ್ಟಿಲ್ಲ. ಬಾತುಕೋಳಿಯ ಕತ್ತು. ಕಡ್ಡಿಗೆ ಚುಚ್ಚಿದ, ಹತ್ತಾರು ಕಾಲಿನ ಏನೋ ಕಡಲ ಜಂತು. ತಲೆ ನರೆತ ಗಂಡಸರು ಬಲೂನಿಗೆ ಗುರಿಯಿಟ್ಟು ಹೊಡೆದು, ಗೊಂಬೆ ಗೆದ್ದು ಕುಣಿಯುತ್ತಿದ್ದರು. ಕೊಳ್ಳೇಗಾಲದ ಸಂತೆಯಲ್ಲಿ ಹಾಗೆ ಕುಣಿದರೆ ಮನೆಗೆ ಹೇಳಿ ಕಳಿಸುತ್ತಾರೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಾಂಬಳ್ಳಿಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತೇನೆ. ತಂಗಿ ಓದಿದಳು. ರೇಷ್ಮೆಹುಳುವಿನ ರೋಗದ ಬಗ್ಗೆಯೇ ಓದಿ, ತೈವಾನಿನ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯ ಹುಡುಗನೊಬ್ಬನನ್ನು ಮೆಚ್ಚಿದಳು. ಅಪ್ಪ ಇಲ್ಲ. ಅವ್ವ ಒಂದೇ ಮಾತು ಹೇಳಿದ್ದಳು: “ನಿಮ್ಮಣ್ಣ ನೋಡ್ಕ ಬಂದು ಊಂ ಅಂದ್ರೆ ನಂದೂ ಊಂ.” ಅದಕ್ಕೇ ತಂಗಿ ನನ್ನನ್ನು ಕರೆಸಿಕೊಂಡದ್ದು.

ಹುಡುಗನ ತಾಯಿಯ ಅಂಗಡಿ ಆ ಸಂತೆಯಲ್ಲೇ ಇತ್ತು. ಅಂಗಡಿಗಿಂತ ಮೊದಲು ಅದರ ನಾತ ಸಿಕ್ಕಿತು. ಸೋಯಾ ಹಾಲನ್ನು ಒಡೆದು ಗಟ್ಟಿ ಮಾಡಿ, ಹುಳಿತ ನೀರಿನಲ್ಲಿ ನೆನೆಸಿಟ್ಟು, ಆಮೇಲೆ ಕರಿಯುತ್ತಾರಂತೆ. ಹುಡುಗ ಬಾಣಲೆಯ ಮುಂದೆ ನಿಂತು ಕರಿಯುತ್ತಿದ್ದ. ತಾಯಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಬಗ್ಗಿ ನನಗೆ ಕೊಟ್ಟರು. ನಾನು ಒಂದು ಚೂರು ಕಚ್ಚಿ ಪಕ್ಕಕ್ಕೆ ಉಗಿದೆ.

“ಥೂ! ಇದೇನಮ್ಮಿ, ಚರಂಡಿ ನೀರ್ನಲ್ಲಿ ನೆನಾಕವ್ರಾ?”

“ಸುಮ್ಕಿರಣ್ಣ,” ಎಂದಳು ತಂಗಿ. ಅವಳ ಮುಖ ಬಿಳಿಚಿಕೊಂಡಿತ್ತು.

“ಯಾಕ್ ಸುಮ್ಕಿರ್ಲಿ? ಇವ್ರಿಗೇನ್ ತಿಳ್ದದಾ? ಅವ್ವ ಮಗ ಎಂಗೆ ಅಲ್ಲು ಕಿಸೀತಾವ್ರೆ ನೋಡು. ನಾಯೂ ಮೂಸಕಿಲ್ಲ ಕಣಮ್ಮಿ ಇದ.”

ಹುಡುಗ ಬಾಣಲೆಯಿಂದ ತಲೆ ಎತ್ತಿದ.

“ಮೆಲ್ಗೆ ಯೋಳಣ್ಣ. ನಮ್ಮವ್ವ ಮೊಕ ನೋಡೇ ತಿಳ್ಕತಾಳೆ. ನೊಂದ್ಕತಾಳೆ.”

‘ಳ’ ಅವನ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ. ಮಾತು ಮಾತ್ರ ನಮ್ಮ ಬೀದಿಯದೇ. ನನಗೂ ಅವ್ವನಿಗೂ ಹೇಳದೆ, ನಮ್ಮನ್ನು ಬೆರಗುಗೊಳಿಸಬೇಕೆಂದು ತಂಗಿ ಎರಡು ವರ್ಷ ಕೂತು ಕಲಿಸಿದ್ದಳು. ನಾನು ತಿಂದು ಮುಗಿಸಿದ ಮೇಲೆ ಅವನು ಮಾತಾಡಿಸುವುದೆಂದು ಇಬ್ಬರೂ ಗೊತ್ತುಮಾಡಿಕೊಂಡಿದ್ದರಂತೆ.

ತಪ್ಪಾಯಿತು ಎನ್ನಲು ಒಂದು ಗಳಿಗೆ ಸಾಕಿತ್ತು. ನಾನು ಎನ್ನಲಿಲ್ಲ. ಸತ್ತ ಹುಳುವಿನ ವಾಸನೆ ನನ್ನ ಅಂಗಿಯಿಂದ ಎಷ್ಟು ಒಗೆದರೂ ಹೋಗುವುದಿಲ್ಲ. ಯಳಂದೂರಿನ ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿ ಎದ್ದು ಹೋಗುತ್ತಾರೆ. ಅಂಥವನು ಇನ್ನೊಬ್ಬರ ಬಾಣಲೆಗೆ ಮೂಗು ಮುರಿದೆ. ಸಿಕ್ಕಿಬಿದ್ದೆನಲ್ಲ ಎಂಬ ಸಿಟ್ಟೇ ನನಗೆ ದೊಡ್ಡದಾಯಿತು.

ಊರಿಗೆ ಬಂದಾಗ ಹನೂರಿನ ಸೋದರಮಾವನೂ ಬಂದು ಕೂತಿದ್ದ.

“ಉಡ್ಗ ಎಂಗವ್ನ್ಲಾ?” ಎಂದಳು ಅವ್ವ.

“ಚರಂಡಿ ನೀರ್ನಲ್ಲಿ ನೆನಾಕಿ ತಿನ್ನೋ ಜನ ಕಣವ್ವ.”

ಮಾವ ತೊಡೆ ತಟ್ಟಿ ನಕ್ಕ. “ನಾಳೆ ನೀನೂ ಅದ್ನೇ ಉಣ್ಣೀಯಂತೆ ಬುಡಕ್ಕ!”

ಅವ್ವ ನಗಲಿಲ್ಲ. ತಂಗಿಗೆ ಫೋನು ಮಾಡಿ ಈ ಸಂಬಂಧ ಬೇಡ ಎಂದುಬಿಟ್ಟಳು. “ಅಲ್ಲಿ ಏನಾಯ್ತು ಅಂತ ಅಣ್ಣನ್ನೇ ಕೇಳವ್ವ,” ಎಂದು ತಂಗಿ ಫೋನು ಇಟ್ಟಳು. ಅವ್ವ ಕೇಳಿದಳು. ಏನೂ ಇಲ್ಲ ಎಂದೆ. ಅವನು ಕನ್ನಡ ಆಡಿದ ಎಂದರೆ, ಏನು ಆಡಿದ, ಯಾಕೆ ಆಡಿದ ಎಂದೂ ಹೇಳಬೇಕಾಗುತ್ತಿತ್ತು.

ಅವರ ಮದುವೆ ಅಲ್ಲೇ ಆಯಿತು. ಧಾರೆ ಎರೆಯಬೇಕಾದ ನಾನು ಅವತ್ತು ಇಲ್ಲಿ ಗೂಡು ಬೇಯಿಸುತ್ತಿದ್ದೆ. ಆಮೇಲೆ ತಂಗಿಯ ಫೋನು ಬಂದಿಲ್ಲ.

ಈಚೆಗೆ ಅವ್ವ ಮೆತ್ತಗಾಗಿದ್ದಾಳೆ. ಮೊನ್ನೆ ರಾಗಿ ಕೇರುತ್ತಾ, “ನಾನೇ ಪೋನ್ ಮಾಡವ ಅಂತೀನಿ ಕಣ್ಲಾ. ಆದ್ರೆ ಅಳೀಮಯ್ಯನ ಕುಟೆ ಯಾವ ಬಾಸೇಲಿ ಮಾತಾಡ್ಲಿ?” ಎಂದಳು.

ನಾನು ಬಾಯಿ ಬಿಡಲಿಲ್ಲ. ಅವಳು ಮತ್ತೆ ಮೊರ ಎತ್ತಿಕೊಂಡಳು.