ಮಾವನವರ ನಶ್ಯದ ಡಬ್ಬಿ

ನಶ್ಯದ ವಾಸನೆ ಬಂತೆಂದರೆ ನನ್ನ ಕೈ ತಾನಾಗಿಯೇ ಕಿಸೆಯ ಮೇಲೆ ಹೋಗುತ್ತದೆ. ಇದ್ಯಾವ ರೋಗ ಎಂದು ಕೇಳಬೇಡಿ, ಕೇಳಿದವರ ಮೇಲೂ ನನಗೆ ಸಂಶಯ ಬರುತ್ತದೆ. ಮೊನ್ನೆ ನನ್ನ ಹೆಂಡತಿ ಗೌರಿ ಲಿಂಗಸುಗೂರಿನ ತವರಿಗೆ ಹೋಗಿ ಬಂದವಳು, ಕೈಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದು ನನ್ನ ಹೊಲಿಗೆ ಮಿಷನ್ನಿನ ಮೇಲೆ ಇಟ್ಟಳು. ಡಬ್ಬಿ ಮುಚ್ಚಿಯೇ ಇತ್ತು, ಆದರೂ ವಾಸನೆ ಬಂತು. ಕೈ ಕಿಸೆಗೆ ಹೋಯಿತು.

"ಅವ್ವ ತೀರಿಕೊಂಡ ಮ್ಯಾಲೆ ಈಗ ಅಪ್ಪನ ಪೆಟಗಿ ತಗದ್ರು. ತಳದಾಗ ಇದು ಇತ್ತು. ಮ್ಯಾಲೆ ನಿಮಗಂತ ಬರದೈತಿ ನೋಡ್ರಿ. ನಾವ್ಯಾರೂ ತಗದ ನೋಡಿಲ್ಲ" ಎಂದಳು.

ಡಬ್ಬಿಗೆ ಅಂಟಿಸಿದ ಚೀಟಿಯಲ್ಲಿ ಮಾವನವರ ದಪ್ಪ ಅಕ್ಷರ: "ಅಳಿಯಂದಿರಿಗೆ ಮುಟ್ಟತಕ್ಕದ್ದು." ಅವರು ಹೋಗಿಯೇ ಇಪ್ಪತ್ತು ವರ್ಷವಾಯಿತು. ಸತ್ತವರು ಕಳಿಸಿದ್ದನ್ನು ತೆಗೆಯಲು ಯಾರಿಗಾದರೂ ಅಳುಕು ಇದ್ದೇ ಇರುತ್ತದಲ್ಲ. ಉಗುರಿನಿಂದ ಮೀಟಿ ತೆಗೆದೆ. ಒಳಗೆ ಮಾಸಿದ ಒಂದು ನೂಲಿನ ದಾರ, ಸುರುಳಿ ಸುತ್ತಿ ಇಟ್ಟಿದ್ದು. ಲಿಂಗವಿಡುವ ಗುಂಡನೆಯ ಬೆಳ್ಳಿ ಕರಡಿಗೆಯನ್ನು ನಮ್ಮವರು ಕೊರಳಿಗೆ ಕಟ್ಟಿಕೊಳ್ಳುತ್ತಾರಲ್ಲ, ಆ ಶಿವದಾರ. ಒಂದು ಕಡೆ ಚಾಕುವಿನಿಂದ ಕತ್ತರಿಸಿದ್ದರು. ಇನ್ನೊಂದು ಕಡೆ ಸಣ್ಣದೊಂದು ಗಂಟು ಹಾಗೇ ಇತ್ತು. ಆ ಗಂಟು ನೋಡಿ ಬರುತ್ತಿದ್ದ ಸೀನು ಮೂಗಿನಲ್ಲೇ ನಿಂತಿತು. ಅದು ದರ್ಜಿಯ ಗಂಟು. ನಾನೇ ಹಾಕಿದ್ದು.

ಹೇಳುತ್ತೇನೆ, ಕೂಡ್ರಿ. ಅವಸರ ಮಾಡಬೇಡಿ, ನನಗೂ ಇದನ್ನು ಹೇಳಿ ರೂಢಿಯಿಲ್ಲ.

ಐವತ್ಮೂರೋ ಐವತ್ನಾಲ್ಕೋ ಇಸವಿ ಇರಬೇಕು. ನನಗೆ ಇಪ್ಪತ್ನಾಲ್ಕು, ಮದುವೆಯಾಗಿ ವರ್ಷ ತುಂಬಿತ್ತು. ಮಸ್ಕಿಯ ಬಜಾರಿನಲ್ಲಿ ಒಂದು ಜವಳಿ ಅಂಗಡಿಯ ಕಟ್ಟೆಯ ಮೇಲೆ ನನ್ನ ಮಿಷನ್ನು. ಸಿಂಧನೂರಿನ ಕಡೆ ಕಾಲುವೆ ಅಗಿಯುವ ಕೆಲಸ ನಡೆದಿತ್ತು. ಎಲ್ಲೆಲ್ಲಿಂದಲೋ ಮಂದಿ ಬಂದು ಸೇರಿದ್ದರು, ಸಂತೆಯಲ್ಲಿ ಅರ್ಧಕ್ಕರ್ಧ ಮುಖಗಳ ಗುರುತೇ ಇರುತ್ತಿರಲಿಲ್ಲ. ಅವರ ನಡುವೆ ಕಿಸೆ ಕತ್ತರಿಸುವವರೂ ಇದ್ದರು, ಸುಳ್ಳೇಕೆ ಹೇಳಲಿ. ಅದಕ್ಕೇ ಬಂದವರೆಲ್ಲ "ಅಂಗಿಗೆ ಒಳಗಿಸೆ ಹಚ್ಚು, ಅದರೊಳಗ ಇನ್ನೊಂದು ಹಚ್ಚು" ಎನ್ನುತ್ತಿದ್ದರು. ಊರಿನ ಸಂಶಯದಿಂದಲೇ ನನ್ನ ಹೊಟ್ಟೆ ತುಂಬುತ್ತಿತ್ತು ಎನ್ನಿ.

ಒಂದು ದಿನ ನರಸಪ್ಪ ಮಾಸ್ತರ ಬಂದ. ಕಾಲುವೆಯ ಕ್ಯಾಂಪುಗಳಲ್ಲಿ ಜಾದೂ ಆಟ ತೋರಿಸುವವನು, ತೆಲುಗು ಸೀಮೆಯ ಕಡೆಯವನು, ಐವತ್ತು ದಾಟಿದ ಒಣಕಲು ಮನುಷ್ಯ. ಕೋಟು ಹೊಲಿಸಬೇಕಂತೆ, ಅದಕ್ಕೆ ಹನ್ನೊಂದು ಕಿಸೆಯಂತೆ! ಹನ್ನೊಂದು ಕಿಸೆ ಯಾವ ಸಂಭಾವಿತನಿಗೆ ಬೇಕು ಹೇಳಿ? ನಾನು ಆಗಲೇ ಕತ್ತರಿಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಎದೆ ಅಳೆದೆ, ತೋಳು ಅಳೆದೆ, ಬರೆದುಕೊಂಡೆ. ತಿರುಗಿ ಸೊಂಟ ಅಳೆಯಬೇಕೆಂದರೆ ನನ್ನ ಕೊರಳಲ್ಲಿದ್ದ ಟೇಪು ಇಲ್ಲ.

"ಏಮಯ್ಯಾ, ಇದನ್ನ ಹುಡುಕಾಕತ್ತೀ ಏನು?" ಎಂದು ತನ್ನ ತೋಳಿನಿಂದ ಟೇಪು ಎಳೆದು ಕೊಟ್ಟ. ಇನ್ನೊಂದು ಕೈಯಲ್ಲಿ ಕತ್ತರಿ. ನನ್ನ ತೊಡೆಯ ಕೆಳಗಿನದು!

ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಆಸೆ ಬಂತು. ಎರಡು ತಾಸು ಮಾತಾಡಿದ ಮೇಲೆ ನನಗೂ ಕಲಿಸು ಎಂದು ಕೇಳಿಯೇ ಬಿಟ್ಟೆ. ಆತನಿಗೂ ಜೊತೆಗಾರ ಬೇಕಾಗಿದ್ದ. ಬಲಗೈಯ ಎರಡು ಬೆರಳು ಮರಗಟ್ಟಿದ್ದವು. "ದರ್ಜಿ ಬೆರಳಿಗೆ ಕಣ್ಣು ಇರ್ತಾವ. ಕಲಿ. ಆದ್ರ ಒಂದು ಮಾತು. ತಗದದ್ದು ತಿರುಗಿ ಕೊಟ್ಟಾಗ ಅದು ಆಟ. ಕೊಡೋ ತನಕ ಅದು ಕಳವ. ಒಂದು ಗಳಿಗಿ ಇಟ್ಟುಕೊಂಡ್ರೂ ಕಳವ" ಎಂದ.

ಕಲಿಕೆ ಶುರುವಾಯಿತು. ನೀವು ನಗುತ್ತೀರಿ, ನನ್ನ ಮೊದಲ ಪಾಠ ನಮ್ಮ ಮನೆಯ ಎಮ್ಮೆಯ ಮೇಲೆ. ಅದರ ಕೊರಳಿನ ಗಂಟೆಯನ್ನು ಸಪ್ಪಳವಾಗದಂತೆ ಬಿಚ್ಚಬೇಕು, ಮತ್ತೆ ಕಟ್ಟಬೇಕು. ಬಿಚ್ಚುವುದು ಎಂಟು ದಿನದಲ್ಲಿ ಬಂತು. ಕಟ್ಟುವುದಕ್ಕೆ ಎರಡು ತಿಂಗಳು ಹಿಡಿಯಿತು, ಎರಡು ಸಲ ಒದೆತವೂ ಬಿತ್ತು. ಆಮೇಲೆ ಮನುಷ್ಯರ ಪಾಠ. ಗಡಿಯಾರ ಬಿಚ್ಚುವ ಮೊದಲು ಮಣಿಕಟ್ಟನ್ನು ಒಮ್ಮೆ ಗಟ್ಟಿಯಾಗಿ ಒತ್ತಬೇಕು. ಬಿಚ್ಚಿದ ಮೇಲೂ ಚರ್ಮಕ್ಕೆ ಅದು ಇದ್ದಂತೆಯೇ ಅನಿಸುತ್ತದೆ. ಎಡಭುಜ ಮುಟ್ಟಿದರೆ ಮನುಷ್ಯನ ಜೀವವೆಲ್ಲ ಅಲ್ಲಿಗೇ ಹೋಗುತ್ತದೆ, ಬಲಗಿಸೆ ಬರಿದಾಗುತ್ತದೆ. ಗೌರಿಯ ಸೊಂಟದ ಬೀಗದಕೈ ಗೊಂಚಲನ್ನು ದಿನಕ್ಕೆ ಹತ್ತು ಸಲ ತೆಗೆಯುತ್ತಿದ್ದೆ. ಮೊದಮೊದಲು ನಗುತ್ತಿದ್ದಳು. ಆಮೇಲೆ ಒಲೆಯ ಮುಂದೆ ಕೂತಾಗಲೂ ಗೋಡೆಗೆ ಬೆನ್ನು ಹಚ್ಚಿ ಕೂಡತೊಡಗಿದಳು.

ಸುದ್ದಿ ಬಜಾರಿಗೆ ಹಬ್ಬಿತು. ಅಳತೆ ಕೊಡಲು ಬಂದವರು ಎರಡೂ ಕೈ ಕಿಸೆಯ ಮೇಲೆ ಬಿಗಿಹಿಡಿದು ನಿಲ್ಲತೊಡಗಿದರು. ಹಾಗೆ ನಿಂತವನ ಎದೆಯ ಅಳತೆ ಹೇಗೆ ತೆಗೆಯಬೇಕು? ಆ ವರ್ಷ ನಾನು ಹೊಲಿದ ಅಂಗಿಗಳೆಲ್ಲ ಕಂಕುಳಲ್ಲಿ ಬಿಗಿ.

ನಗುವ ಮಾತು ಅಲ್ಲಿಗೇ ಮುಗಿಯಿತು. ಒಂದು ಸೋಮವಾರ ಸಿಂಧನೂರಿನ ಸಂತೆಯಲ್ಲಿ ಯಾರದೋ ಸಂಚಿ ಕಾಣದಾಯಿತು. ಮಂದಿ ನರಸಪ್ಪ ಮಾಸ್ತರನನ್ನು ಹಿಡಿದು, ನಾನು ಹೊಲಿದ ಕೋಟಿನ ಹನ್ನೊಂದೂ ಕಿಸೆ ಹೊರಗೆ ಎಳೆದು ತಲಾಶಿ ಮಾಡಿದರು. ಬರೀ ಬಣ್ಣದ ಕರವಸ್ತ್ರಗಳು. ನಾನು ಪಕ್ಕದಲ್ಲೇ ಇದ್ದೆ. "ಇವನ ಗುರುತು ಐತೇನಪಾ ನಿನಗ?" ಎಂದು ಒಬ್ಬ ಕೇಳಿದ. "ಒಮ್ಮೆ ಅಳತಿ ಕೊಟ್ಟಿದ್ದ, ಅಷ್ಟ ರೀ" ಎಂದೆ. ಮಾಸ್ತರ ನನ್ನನ್ನು ಒಮ್ಮೆ ನೋಡಿ, ಬಾಗಿ ಕರವಸ್ತ್ರಗಳನ್ನು ಆರಿಸಿಕೊಳ್ಳತೊಡಗಿದ. ಸಂಚಿ ಕಡೆಗೆ ಅದನ್ನು ಕಳಕೊಂಡವನ ಬಂಡಿಯ ಮೇವಿನಲ್ಲೇ ಸಿಕ್ಕಿತು. ಇವತ್ತಿಗೂ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ. ಇನ್ನೂ ಹೇಸಿಕೆಯ ಮಾತೆಂದರೆ, ಆತನ ಕಿಸೆಗಳು ಬರಿದಾಗಿದ್ದು ಕಂಡು ನನಗೂ ಒಳಗೊಳಗೇ ಸಮಾಧಾನವಾಗಿತ್ತು. ಶಿಷ್ಯನಾದ ನನಗೂ ಭರೋಸೆ ಇರಲಿಲ್ಲ ನೋಡಿ.

ಈ ಖಬರು ಲಿಂಗಸುಗೂರಿಗೆ ನನಗಿಂತ ಮೊದಲು ಮುಟ್ಟಿತು. ನನ್ನ ಮಾವ ಸಂಗಪ್ಪನವರು ಕಾಳಿನ ವ್ಯಾಪಾರಿ, ಮೂರು ಹೊತ್ತು ಲಿಂಗಪೂಜೆ ಮಾಡುವವರು, ಎಣ್ಣೆಯ ಕೊಡದಲ್ಲೂ ಇಣುಕಿ ನೋಡುವ ಸಂಶಯದವರು. ಮರುದಿನವೇ ಬಂಡಿ ಕಟ್ಟಿಕೊಂಡು ಬಂದು ಗೌರಿಯನ್ನು ಕರೆದುಕೊಂಡು ಹೋದರು. ಕೂಡ್ರಲೂ ಇಲ್ಲ.

ಎಂಟು ದಿನ ಬಿಟ್ಟು ಹೋಗಿ ಕೈಮುಗಿದೆ. "ಅದು ಆಟ ರೀ ಮಾವಾರ, ಕಳವಲ್ಲ" ಎಂದೆ.

ಮಾವನವರು ಅಂಗೈಮೇಲೆ ನಶ್ಯದ ಡಬ್ಬಿ ತಟ್ಟುತ್ತ ಕೂತಿದ್ದರು. "ಆಟ ಅಂತೀರಿ. ಹೌದ್ರಿ ಅಳ್ಯಾರ, ಇಲ್ಲೇ ಮಾಡಿ ತೋರಸ್ರಿ. ಈ ಡಬ್ಬಿ ನನ್ನ ಮೈಮ್ಯಾಲಿಂದ ನನಗ ಗೊತ್ತಾಗದಂಗ ತಗೀಬೇಕು, ನಾಕು ಮಂದಿ ಮುಂದ ತಿರುಗಿ ಕೊಡಬೇಕು. ಕೊಟ್ರ ಆಟ ಅಂತ ಒಪ್ತೀನಿ, ಮಗಳನ್ನ ಕಳಸ್ತೀನಿ. ಇಲ್ಲಂದ್ರ ಆಕಿ ಇಲ್ಲೇ ಇರ್ತಾಳ."

ಬಾಗಿಲ ಹಿಂದೆ ಗೌರಿಯ ಬಳೆ ಸಪ್ಪಳವಾಯಿತು. ಒಪ್ಪಿಕೊಂಡು ಬಂದೆ.

ಮಾಸ್ತರನ ಮುಂದೆ ಹೋಗಿ ನಿಲ್ಲಲು ನಾಚಿಕೆಯಾಯಿತು, ಆದರೂ ಹೋದೆ. ಸಿಂಧನೂರಿನ ಮಾತನ್ನು ಆತ ಎತ್ತಲೇ ಇಲ್ಲ. ಒಂದು ಐತವಾರ ಮಧ್ಯಾಹ್ನ ಲಿಂಗಸುಗೂರಿನ ಅರಳೆ ಗೋದಾಮಿನ ಅಂಗಳದಲ್ಲಿ ಆಟ ಗೊತ್ತು ಮಾಡಿದ. ನೂರಾರು ಮಂದಿ ಬಂದರು, ಎಲ್ಲರ ಕೈಯೂ ಕಿಸೆಯ ಮೇಲೆ. ಮಾವನವರು ಆಟಕ್ಕೆಂದು ಕಟ್ಟಿದ್ದ ಹಲಗೆಯ ಮಂಚ ಏರಿ ನಿಂತರು. ತಲೆಗೆ ರುಮಾಲು, ಹೆಗಲಿಗೆ ಶಲ್ಲೆ, ಮೈಮೇಲೆ ನಾನೇ ಹೊಲಿದುಕೊಟ್ಟ ನಿಲುವಂಗಿ. ಎದೆಯ ಹತ್ತಿರ ಅದಕ್ಕೊಂದು ಒಳಗಿಸೆ ಇದೆ, ನಶ್ಯದ ಡಬ್ಬಿಗೆಂದೇ ಅವರು ಹೇಳಿ ಹಚ್ಚಿಸಿಕೊಂಡದ್ದು. ಗೆದ್ದೆ ಎಂದುಕೊಂಡೆ.

ಗಡಿಯಾರ ತೆಗೆದೆ, ಕೊಟ್ಟೆ. ಕನ್ನಡಕದ ಚೀಲ, ಎಲೆ ಅಡಿಕೆಯ ಸಂಚಿ, ಕೈವಸ್ತ್ರ, ಒಂದೊಂದಾಗಿ ತೆಗೆದು ತೋರಿಸಿ ಕೊಟ್ಟೆ. ಮಂದಿ ಶಿಳ್ಳೆ ಹೊಡೆದರು. ಮಾವನವರು ಮಾತ್ರ "ಡಬ್ಬಿ?" ಎಂದರು. ಎಡಭುಜದ ಮೇಲೆ ಕೈ ಇಟ್ಟು, "ಅದೋ, ಯಾರೋ ಕರೀತಾರ ನೋಡ್ರಿ" ಎಂದು, ಇನ್ನೊಂದು ಕೈಯನ್ನು ಒಳಗಿಸೆಗೆ ಇಳಿಸಿದೆ. ಗುಂಡಗೆ ಸಿಕ್ಕಿತು. ಎಳೆದೆ. ಮುಷ್ಟಿಯೊಳಗೆ ಬಂತು.

ಬಂದ ಕೂಡಲೇ ಗೊತ್ತಾಯಿತು. ತಗಡು ತಣ್ಣಗಿರುತ್ತದೆ. ಇದು ಬೆಚ್ಚಗಿತ್ತು, ಬೆಳ್ಳಿ. ಬೆರಳಿಗೆ ದಾರ ಸುತ್ತಿಕೊಂಡಿತ್ತು. ಮಾವನವರು ಕರಡಿಗೆ ಜೋತಾಡಬಾರದೆಂದು ಒಳಗಿಸೆಯಲ್ಲಿ ಇಳಿಬಿಟ್ಟಿದ್ದರು. ಹಳೆಯ ದಾರ, ಸಡಿಲ ಗಂಟು, ಎಳೆದ ರಭಸಕ್ಕೆ ಬಿಚ್ಚಿಕೊಂಡು ಬಂದುಬಿಟ್ಟಿತ್ತು. ಶಿವ ಶಿವಾ! ನನ್ನ ಕೊರಳಲ್ಲೂ ಅಂಥದ್ದೇ ಲಿಂಗ ಇದೆ. ಲಿಂಗ ಮೈಬಿಟ್ಟು ಹೋದರೆ ನಮ್ಮ ಹಿರಿಯರು ಹನಿ ನೀರು ಮುಟ್ಟುವವರಲ್ಲ. ಇದನ್ನು ಎತ್ತಿ ತೋರಿಸಿದರೆ ಆಟವೂ ಇಲ್ಲ, ಹೆಂಡತಿಯೂ ಇಲ್ಲ, ಆ ಅಂಗಳದಿಂದ ನಾನು ನೆಟ್ಟಗೆ ಹೋಗುವುದೂ ಇಲ್ಲ. ಅದೆಲ್ಲಕ್ಕಿಂತ ಹೆಚ್ಚಾಗಿ, ಅಷ್ಟು ಮಂದಿಯ ಮುಂದೆ ಆ ಹಿರಿಯರ ಮುಖ ನಾನು ನೋಡಲಾರದೆ ಹೋಗುತ್ತಿದ್ದೆ.

ಏನು ಮಾಡಿದೆ ಎಂದು ತಿಳಿಯುವ ಮೊದಲೇ ಅವರ ಕಾಲಿಗೆ ಬಿದ್ದಿದ್ದೆ. "ಏ, ಏಳ್ರಿ, ಏಳ್ರಿ" ಎಂದು ಅವರು ಬಾಗಿ ಎತ್ತಿದರು. ಏಳುತ್ತಲೇ ಅಪ್ಪಿಕೊಂಡೆ. ಕರಡಿಗೆ ಒಳಗಿಸೆಗೆ ಜಾರಿತು, ದಾರದ ತುದಿಗಳು ಹೆಗಲ ಮೇಲೆ ಹೋದವು. ಹೆಗಲ ಶಲ್ಲೆಯ ಮರೆಯಲ್ಲಿ ಕೊರಳ ಹಿಂದೆ ನನ್ನ ಬೆರಳು ಕಣ್ಣಿಲ್ಲದೆ ಗಂಟು ಹಾಕಿದವು. ಎಮ್ಮೆಯ ಪುಣ್ಯ. ಹಿಂದೆ ಸರಿದು ಕೈಮುಗಿದೆ. "ಡಬ್ಬಿ ಸಿಗಲಿಲ್ಲ ರೀ ಮಾವಾರ. ನಾ ಸೋತೆ."

ಮಾವನವರು ರುಮಾಲಿನ ಮಡಿಕೆಯೊಳಗಿಂದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ನನ್ನನ್ನು ಬಹಳ ಹೊತ್ತು ನೋಡಿದರು. "ನಾಳೆ ಸಂಜಿಮುಂದ ಬರ್ರಿ. ಮಗಳನ್ನ ಕಳಸ್ತೀನಿ" ಎಂದು ಇಳಿದು ಹೋದರು.

ಸೋತವನಿಗೆ ಯಾಕೆ ಕಳಿಸಿದರು? ಈ ಪ್ರಶ್ನೆ ನನ್ನನ್ನು ಇಷ್ಟು ವರ್ಷ ಬಿಡಲಿಲ್ಲ. ಆವತ್ತು ಸಾಮಾನು ಕಟ್ಟುವಾಗ ಮಾಸ್ತರ ಮಾತ್ರ ಹೇಳಿದ: "ಐದು ತಗದೀ, ನಾಕು ತೋರಿಸಿದಿ. ಐದನೇದು ಏನಂತ ನಾ ಕೇಳಂಗಿಲ್ಲ. ಕೊಡೋದು ಕಲ್ತೀ, ಸಾಕು." ಸಿಂಧನೂರಿನ ಮಾತಿಗೆ ತಪ್ಪಾಯಿತೆಂದು ಹೇಳಬೇಕೆಂದು ಬಾಯಿವರೆಗೆ ಬಂತು, ಹೇಳಲಿಲ್ಲ. ಆತ ಮತ್ತೆ ಈ ಕಡೆ ಬರಲಿಲ್ಲ. ನಾನೂ ಮತ್ತೆ ಆಟಕ್ಕೆ ಕೈ ಹಚ್ಚಲಿಲ್ಲ. ಆಮೇಲೆ ಹದಿನೈದಿಪ್ಪತ್ತು ವರ್ಷ ಮಾವನವರ ಪಕ್ಕದಲ್ಲೇ ಕೂತು ಉಂಡೆ. ಗೊತ್ತಿದೆಯೋ ಇಲ್ಲವೋ ಎಂದು ಪ್ರತಿ ತುತ್ತಿಗೂ ಅವರ ಮುಖ ನೋಡುತ್ತಿದ್ದೆ. ಆ ಮುಖ ಏನನ್ನೂ ಬಿಟ್ಟುಕೊಡಲಿಲ್ಲ.

"ಏನ್ರಿ ಅದು, ದಾರ?" ಎಂದು ಗೌರಿ ಕೇಳಿದಳು.

"ಆಟ ಆದ ದಿನ ನಿಮ್ಮಪ್ಪ ಮನಿಗೆ ಬಂದು ಏನ್ ಮಾಡಿದ್ರು, ನೆನಪೈತೇನು?"

"ಅಯ್ಯ, ನೆನಪಿಲ್ದ ಏನು? ಆವತ್ತು ಉಣಲಿಲ್ಲ. ಒಂದು ಹನಿ ನೀರು ಕುಡೀಲಿಲ್ಲ. ಬೆಳಗಾಗಿ ಮಠಕ್ಕ ಹೋಗಿ ಅಯ್ಯನವರ ಕಂಡು ಬಂದ ಮ್ಯಾಲೇ ಬಾಯಾಗ ನೀರು ಹಾಕ್ಕೊಂಡ. ಮಗಳನ್ನ ಕಳಸೂ ಸಂಕಟ ಅಂತ ಅವ್ವ ಅಂದಳು."

ಅವರಿಗೆ ಗೊತ್ತಿತ್ತು. ಮಂಚದ ಮೇಲೆಯೇ ಗೊತ್ತಿತ್ತು, ತೆಗೆದದ್ದೂ, ತಿರುಗಿ ಕೊಟ್ಟದ್ದೂ. ನನ್ನ ತಪ್ಪಿಗೆ ಅವರು ಉಪವಾಸ ಬಿದ್ದು, ಹೊಸ ದಾರ ಕಟ್ಟಿಸಿಕೊಂಡು, ಹಳೆಯದರ ಗಂಟು ಬಿಚ್ಚದೆ ಬೇರೆ ಕಡೆ ಕತ್ತರಿಸಿ ಎತ್ತಿಟ್ಟರು. ಯಾರಿಗೂ ಹೇಳಲಿಲ್ಲ. ನನಗೆ ತೆಗೆಯಲಾಗದ ಡಬ್ಬಿಯನ್ನು ಕಡೆಗೆ ತಾವೇ ನನ್ನ ಕೈಗೆ ಕೊಟ್ಟರು. ನನಗೆ ಅಳು ಬಂತು. ಗೌರಿ ಗಾಬರಿಯಾದಳು. ನಲವತ್ತು ವರ್ಷ ಮುಚ್ಚಿಟ್ಟದ್ದನ್ನೆಲ್ಲ ಅವಳ ಮುಂದೆ ಹೇಳಿಬಿಟ್ಟೆ.

ದಾರವನ್ನು ಮತ್ತೆ ಸುರುಳಿ ಸುತ್ತಿ ಡಬ್ಬಿಯೊಳಗೆ ಇಟ್ಟಳು. ಆಮೇಲೆ ಕೇಳಿದಳು: "ಅಂದ್ರ, ಆವತ್ತು ಅಪ್ಪನ ಕಾಲಿಗೆ ಬಿದ್ದದ್ದು ನನ್ನ ಸಲುವಾಗಿ ಅಲ್ಲೇನು?"

ಆ ಕಾಲಿಗೆ ಬಿದ್ದ ಕಥೆಯನ್ನು ಅವಳು ಮಕ್ಕಳಿಗೆ, ಸೊಸೆಯರಿಗೆ, ನೀರಿಗೆ ಬಂದವರಿಗೆಲ್ಲ ಹೇಳಿ ಮೆರೆದವಳು. "ನಿನ್ನ ಸಲುವಾಗಿಯೂ ಹೌದು" ಎಂದೆ.

"ಈಗರೆ ಖರೆ ಹೇಳಿದ್ರಲ್ಲ" ಎಂದು ಎದ್ದಳು. ಡಬ್ಬಿಯನ್ನು ಸೆರಗಿನಿಂದ ಒರೆಸಿ ದೇವರ ಮಾಡದಲ್ಲಿಟ್ಟು ಬಂದಳು. ನನ್ನ ಪಕ್ಕದಿಂದ ಒಳಗೆ ಹೋಗುವಾಗ ಮಾತ್ರ ಒಂದು ಕೈಯಿಂದ ಕೊರಳಿನ ತಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಹೋದಳು.